ಬ್ಯಾಂಕುಗಳ ವಿಲೀನ ಮತ್ತು ರೈತರ ಲೆಕ್ಕಪತ್ರ
(ದುಂಡಸಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರಗಳ ಬಗ್ಗೆ ನಾವು ಆಗಾಗ ಮಾತನಾಡುತ್ತೇವೆ. ಇಂದು ಪಾಸ್‌ಬುಕ್ಕಿನ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಗ್ರಾಮೀಣ ಬ್ಯಾಂಕಿನ ಹೆಸರು ಬದಲಾದ ಮೇಲೆ "ಹಳೆಯ ಬ್ಯಾಂಕೇ ಇಲ್ಲವೆಂದ ಮೇಲೆ ಹಳೆಯ ಸಾಲ ಎಲ್ಲಿಯದು?" ಎನ್ನುವವರಿದ್ದಾರೆ. "ನಾವಿಟ್ಟ ಠೇವಣಿಯ ಗತಿಯೇನು?" ಎಂದು ಅಂಜುವವರೂ ಇದ್ದಾರೆ. ಎರಡಕ್ಕೂ ಉತ್ತರ ಒಂದೇ ಕಾಯಿದೆಯಲ್ಲಿದೆ.

ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಆರಂಭವಾದದ್ದು 1976ರಲ್ಲಿ. 2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ ಮತ್ತು ನೇತ್ರಾವತಿ ಬ್ಯಾಂಕುಗಳು ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಅದೂ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕೂ ಒಂದಾದವು. ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಎಂಬ ನೀತಿಯಂತೆ ದೇಶದಲ್ಲಿ 43 ಇದ್ದವು ಅಂದು 28ಕ್ಕೆ ಇಳಿದವು. ನಮ್ಮ ಬ್ಯಾಂಕಿನ ಪ್ರಧಾನ ಕಚೇರಿ ಈಗ ಬಳ್ಳಾರಿ. ಪ್ರಾಯೋಜಕರು ಕೆನರಾ ಬ್ಯಾಂಕಿನವರು.

1976ರ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಕಾಯಿದೆಯ 23ಎ ಕಲಮಿನ ಪ್ರಕಾರ, ನಬಾರ್ಡ್, ರಾಜ್ಯ ಸರಕಾರ ಹಾಗೂ ಪ್ರಾಯೋಜಕ ಬ್ಯಾಂಕಿನೊಡನೆ ಸಮಾಲೋಚಿಸಿ ಕೇಂದ್ರ ಸರಕಾರವು ಇಂಥ ವಿಲೀನ ಮಾಡಬಹುದು. ಹಳೆಯ ಬ್ಯಾಂಕಿನ ಆಸ್ತಿ, ಹೊಣೆ, ಹಕ್ಕುಗಳೆಲ್ಲ ಹೊಸ ಬ್ಯಾಂಕಿಗೆ ವರ್ಗವಾಗುತ್ತವೆ. ಆದ್ದರಿಂದ ನೀವಿಟ್ಟ ಹಣ ನಿಮ್ಮದೇ. ನೀವು ಪಡೆದ ಸಾಲವೂ ನಿಮ್ಮದೇ. ಸಾಲ ಹೋಯಿತೆಂದು ನಂಬಿ ಕಂತು ನಿಲ್ಲಿಸಿದರೆ ಬಡ್ಡಿ ಬೆಳೆಯುವುದಲ್ಲದೆ, ಸಕಾಲಕ್ಕೆ ಕಟ್ಟಿದವರಿಗೆ ದೊರೆಯುವ ಬಡ್ಡಿ ರಿಯಾಯಿತಿಯೂ ಕೈತಪ್ಪುತ್ತದೆ.

ಆದರೆ ಒಂದು ವಿಷಯ ಗಮನಿಸಬೇಕು. 2020ರ ಫೆಬ್ರುವರಿಯಿಂದ ಠೇವಣಿ ವಿಮೆಯ ಮಿತಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, 5 ಲಕ್ಷ ರೂಪಾಯಿ. ಹಿರೇಕೆರೂರಿನ ರೈತರೊಬ್ಬರು ವಿಕಾಸ ಬ್ಯಾಂಕಿನಲ್ಲಿ 4 ಲಕ್ಷ, ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಂದು ಗ್ರಾಮೀಣ ಬ್ಯಾಂಕಿನಲ್ಲಿ 3 ಲಕ್ಷ ಇಟ್ಟಿದ್ದರೆನ್ನಿ. ಹಿಂದೆ ಎರಡಕ್ಕೂ ಪ್ರತ್ಯೇಕ ರಕ್ಷಣೆಯಿತ್ತು. ಈಗ ಎರಡೂ ಕೂಡಿ 7 ಲಕ್ಷ. ವಿಮೆ 5 ಲಕ್ಷಕ್ಕೆ ಮಾತ್ರ. ಇದು ಗಾಬರಿಯ ಮಾತಲ್ಲ, ಲೆಕ್ಕದ ಮಾತು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿಟ್ಟ ಠೇವಣಿಗೆ ಈ ವಿಮೆ ಇಲ್ಲವೆಂಬುದೂ ನೆನಪಿರಲಿ.

ಈಗ ಮಾಡಬೇಕಾದ ಕೆಲಸಗಳು:

1. ಪಾಸ್‌ಬುಕ್ಕನ್ನು ಶಾಖೆಗೆ ಒಯ್ದು ಇಂದಿನವರೆಗೆ ಬರೆಯಿಸಿರಿ. ಸಾಲದ ಬಾಕಿ ಕೇಳಿ ಗುರುತು ಹಾಕಿಕೊಳ್ಳಿರಿ.

2. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡು ಬದಲಾಗಿವೆಯೇ ವಿಚಾರಿಸಿರಿ. ಬದಲಾಗಿದ್ದರೆ ಗೋವಿನಜೋಳ, ಹತ್ತಿ ಕೊಳ್ಳುವ ದಲಾಲರಿಗೂ, ಬೆಳೆ ವಿಮೆಯ ಅರ್ಜಿಯಲ್ಲಿಯೂ ಹೊಸದನ್ನೇ ಕೊಡಿರಿ.

3. ನಾಮನಿರ್ದೇಶನ ಆಗಿದೆಯೇ ನೋಡಿರಿ.

4. ದೂರಿದ್ದರೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ.

5. ವಿಲೀನದ ನೆಪ ಹೇಳಿ ಫೋನಿನಲ್ಲಿ ಓಟಿಪಿ ಕೇಳುವವರಿಗೆ ಏನನ್ನೂ ಹೇಳಬೇಡಿರಿ.

ಪ್ರಧಾನ ಕಚೇರಿ ಧಾರವಾಡದಲ್ಲಿದ್ದಾಗ ಹೋಗಿ ಕೇಳುವುದು ಸುಲಭವಿತ್ತು. ಕಚೇರಿ ದೂರವಾದಷ್ಟೂ ಬಾಯಿಮಾತಿನ ಬೆಲೆ ಕಡಿಮೆಯಾಗಿ ಕಾಗದದ ಬೆಲೆ ಹೆಚ್ಚುತ್ತದೆ. ಹೊಲದ ಬದುವನ್ನು ವರ್ಷಕ್ಕೊಮ್ಮೆ ನೋಡಿಕೊಳ್ಳುವಂತೆ ಲೆಕ್ಕಪತ್ರವನ್ನೂ ನೋಡಿಕೊಳ್ಳಿರೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.