ಕೂಣಿ ಹಿಡಿದ ಕೈಗೆ ಕೆರೆಯ ಪಾಠ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಕೆರೆಬೇಟೆ ಎಂದೊಡನೆ ನೆನಪಾಗುವುದು ಬೇಸಿಗೆಯ ಒಂದು ದಿನದ ಸಂಭ್ರಮ. ತೊಡೆಮಟ್ಟಕ್ಕೆ ಇಳಿದ ನೀರು, ದಡದಲ್ಲಿ ಪೂಜೆ, ಸೂಚನೆ ದೊರೆತೊಡನೆ ಕೂಣಿ ಹಿಡಿದು ಏಕಕಾಲಕ್ಕೆ ನೀರಿಗಿಳಿಯುವ ಜನಸಮೂಹ. ಸೊರಬ, ಶಿಕಾರಿಪುರ, ಸಾಗರ ಸೀಮೆಗೆ ಇದು ಹೊಸತಲ್ಲ. 2024ರಲ್ಲಿ ಇದೇ ಹೆಸರಿನ ಚಲನಚಿತ್ರವೂ ತೆರೆಕಂಡಿತು. ಆದರೆ ಆ ಒಂದು ದಿನದ ಹಿಂದೆ ವರ್ಷವಿಡೀ ನಡೆಯುವ ಕಲಿಕೆಯಿದೆ. ಅದು ಅಜ್ಜನಿಂದ ಮೊಮ್ಮಗನಿಗೆ ದಾಟುವ ಬಗೆಯನ್ನು ಗಮನಿಸಬೇಕು.

ಮೊದಲ ಪಾಠ ನಡೆಯುವುದು ಕೆರೆಯಲ್ಲಲ್ಲ, ಬಿದಿರುಮೆಳೆಯ ಬುಡದಲ್ಲಿ. ಮಳೆ ಹಿಂದೆ ಸರಿದ ಮೇಲೆ ಎಳೆಯ ಗಳ ಯಾವುದು, ಬಲಿತದ್ದು ಯಾವುದು ಎಂಬುದನ್ನು ಹಿರಿಯರು ತೋರಿಸಿಕೊಡುತ್ತಾರೆ. ವರ್ಷದ ಗಳ ಒಣಗಿದರೆ ಕುಗ್ಗುತ್ತದೆ. ಅದನ್ನು ಕಡಿದರೆ ಮೆಳೆಯೂ ಸೊರಗುತ್ತದೆ. ಮೂರು ವರ್ಷ ದಾಟಿದ ಗಳ ಸೀಳಿದರೆ ಕೂಣಿ ಬಾಳಿಕೆ ಬರುತ್ತದೆ.

ಎರಡನೆಯ ಪಾಠ ಕೈಬೆರಳಿನದು. ಕೂಣಿಯ ಕೆಳಬಾಯಿ ಅಗಲ, ಮೇಲ್ಬಾಯಿ ಕಿರಿದು. ಕೆಸರಿಗೆ ಒತ್ತಿದೊಡನೆ ಒಳಗೆ ಸಿಕ್ಕ ಮೀನು ಕಡ್ಡಿಗೆ ಬಡಿಯುತ್ತದೆ. ಕದಡಿದ ನೀರಿನಲ್ಲಿ ಕಣ್ಣು ಕೆಲಸಕ್ಕೆ ಬಾರದು. ಮೇಲಿನಿಂದ ಕೈಯಿಳಿಸಿ, ಸ್ಪರ್ಶದಿಂದಲೇ ಜಾತಿ ತಿಳಿಯಬೇಕು. ಚೇಳುಮೀನಿನ ಮುಳ್ಳಿನಲ್ಲಿ ವಿಷವಿರುವುದರಿಂದ ಈ ಪಾಠದಲ್ಲಿ ಅಜಾಗರೂಕತೆಗೆ ಎಡೆಯಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಬಿಡುವುದನ್ನು ಕಲಿಯುವುದು. ಕುಚ್ಚು, ಮುರುಗೋಡು ಮೊದಲಾದವು ಗಾಳಿಯನ್ನೂ ಉಸಿರಾಡಬಲ್ಲ ಮೀನುಗಳು. ಆದುದರಿಂದಲೇ ಬತ್ತುವ ಕೆರೆಯ ಕೆಸರಿನಲ್ಲಿಯೂ ಬದುಕುಳಿಯುತ್ತವೆ. ಮೊದಲ ಮಳೆಗೆ ಹರಿವಿನ ಎದುರು ಏರಿ ಗದ್ದೆ ಸೇರುವ ಹತ್ತುಮೀನುಗಳ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ಅವನ್ನು ರಾತ್ರಿ ಬೆಳಕು ಹಿಡಿದು ಕಡಿಯುವುದೂ ಮಲೆನಾಡಿನ ರೂಢಿಯೇ. ರೂಢಿಯೆಂಬ ಮಾತ್ರಕ್ಕೆ ಅದು ವಿವೇಕವಾಗಲಾರದು. ಬೇಸಿಗೆಯ ಬೇಟೆಯಲ್ಲಿ ಉಳಿದ ಮೀನು ಮುಂದಿನ ವರ್ಷದ ಬಿತ್ತನೆ ಬೀಜ. ಬೀಜದ ಭತ್ತವನ್ನು ಕುಟ್ಟಿ ಉಣ್ಣುವ ರೈತನಿಲ್ಲ.

ಇಂತಹ ಕಲಿಕೆಗೆ ಶಾಲೆಯೇ ಅವಕಾಶ ಮಾಡಿಕೊಟ್ಟ ಉದಾಹರಣೆಯಿದೆ. ಕೆನಡಾದ ಜೇಮ್ಸ್ ಕೊಲ್ಲಿಯ ಕ್ರೀ ಜನರು 1975ರ ಒಪ್ಪಂದದ ಮೂಲಕ ತಮ್ಮದೇ ಶಾಲಾ ಮಂಡಳಿಯನ್ನು ಪಡೆದರು. ಅಲ್ಲಿ ವಸಂತದಲ್ಲಿ ಹೆಬ್ಬಾತಿನ ಬೇಟೆಗೂ ಶರತ್ಕಾಲದಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೂ ರಜೆಯುಂಟು. ಮಕ್ಕಳು ಹಿರಿಯರೊಡನೆ ಕಾಡಿಗೆ ತೆರಳುತ್ತಾರೆ. ಆದರೆ ಲಾ ಗ್ರಾಂಡ್ ನದಿಗೆ ಅಣೆಕಟ್ಟುಗಳಾದ ಮೇಲೆ ಮುಳುಗಿದ ನೆಲದ ಪಾದರಸ ಮೀನಿನ ದೇಹ ಸೇರಿತು. 1980ರ ದಶಕದಲ್ಲಿ ಆ ಮೀನನ್ನು ಮಿತವಾಗಿ ತಿನ್ನಬೇಕೆಂಬ ಎಚ್ಚರಿಕೆ ಕೇಳಬೇಕಾಯಿತು. ವಿದ್ಯೆ ಉಳಿದರೂ ನೀರು ಕೆಟ್ಟರೆ ಫಲವಿಲ್ಲ.

ಇಲ್ಲಿಯ ಕೆರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ 5ನೆಯ ಶತಮಾನದ ಸ್ತಂಭಶಾಸನವು ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದುದನ್ನು ತಿಳಿಸುತ್ತದೆ. ಅಷ್ಟು ಹಳೆಯ ಪರಂಪರೆಯ ಕೆರೆಗಳಿಗೆ ಈಗ ಹೂಳು, ಒತ್ತುವರಿ, ಶುಂಠಿ ಮತ್ತು ಮೆಕ್ಕೆಜೋಳದ ಹೊಲಗಳಿಂದ ಹರಿದುಬರುವ ವಿಷ. ಗುತ್ತಿಗೆಗೆ ಹೋದ ಕೆರೆಯಲ್ಲಿ ಕಟ್ಲಾ, ರೋಹು ಮರಿಗಳನ್ನು ಬಿಡುತ್ತಾರೆ. ಅವು ನಿಂತ ನೀರಿನಲ್ಲಿ ಸಂತಾನ ಬೆಳೆಸವು. ಪ್ರತಿವರ್ಷ ಮರಿ ಕೊಳ್ಳಲೇಬೇಕು. ಗುತ್ತಿಗೆಯ ಆದಾಯ ಊರಿಗೆ ಬೇಕಿರಬಹುದು. ಆದರೆ ಊರಿನ ಮಗುವಿಗೆ ಕೆರೆಯ ಪ್ರವೇಶವೇ ತಪ್ಪಿದರೆ ಆ ನಷ್ಟ ಯಾವ ಲೆಕ್ಕದಲ್ಲಿಯೂ ಕಾಣಿಸುವುದಿಲ್ಲ.

ಆದುದರಿಂದ ಪ್ರತಿ ಊರಿನ ಮುಂದೆ ಮೂರು ಕೆಲಸಗಳಿವೆ. ಬೇಟೆಯ ದಿನ ಕೆರೆಯ ಆಳದ ಗುಂಡಿಯನ್ನು ಮುಟ್ಟದೆ ಬಿಡುವುದು. ಮುಂಗಾರಿನ ಮೊದಲ ವಾರಗಳಲ್ಲಿ ಹತ್ತುಮೀನನ್ನು ಕಡಿಯದೆ ಅದರ ದಾರಿಯನ್ನು ತೆರವಾಗಿಡುವುದು. ಮೂರನೆಯದು ವಿದ್ಯಾರ್ಥಿಗಳ ಪಾಲಿಗೆ: ತಮ್ಮ ಊರಿನ ಹಿರಿಯರ ಬಳಿ ಕುಳಿತು ಕೆರೆಯ ಮೀನುಗಳ ಹೆಸರು, ಅವು ಕಾಣುವ ಕಾಲ, ಕಾಣದಾದ ವರ್ಷ ಇವನ್ನು ಬರೆದಿಡುವುದು. ಹೆಸರು ಮರೆತ ಊರಿಗೆ ಮೀನು ಇಲ್ಲವಾದುದೂ ತಿಳಿಯುವುದಿಲ್ಲ. ಈ ಬರವಣಿಗೆಯನ್ನು ಮುಂದಿನ ಬೇಸಿಗೆಯ ಬೇಟೆಗೆ ಮೊದಲೇ ಮುಗಿಸಬೇಕೆಂದು ವಿನಂತಿ.