ಗುಳ್ಳೆಯೋ, ಗಂಟಲೋ?

ಅಂಗೈ ಅಂಗಾಲುಗಳಲ್ಲಿ ಗುಳ್ಳೆ ಎದ್ದು, ಮೈ ಬೆಚ್ಚಗಾಗಿ, ಬಾಯಿ ಹುಣ್ಣಿನಿಂದ ಮಗು ಗಂಜಿಯನ್ನೂ ನುಂಗಲಾರದೆ ಅಳುತ್ತಿದ್ದರೆ ಅದು ಬಹುಮಟ್ಟಿಗೆ ಕೈ-ಕಾಲು-ಬಾಯಿ ಬೇನೆ. ದನಗಳ ಕಾಲುಬಾಯಿ ಜ್ವರವೇ ಬೇರೆ, ಇದೇ ಬೇರೆ. ಕೊಟ್ಟಿಗೆಯ ಹಸುವನ್ನು ಬಯ್ಯಬೇಕಾಗಿಲ್ಲ.

ಹೆಚ್ಚಿನ ಮಕ್ಕಳು ವಾರ ಹತ್ತು ದಿನಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಪರೀಕ್ಷೆಯ ಗೊಡವೆ ಏಕೆ ಎನ್ನುವಿರಿ. ಈ ಬೇನೆಯನ್ನು ತರುವ ವೈರಸ್ಸು ಒಂದಲ್ಲ, ಹಲವು. ಕಾಕ್ಸಾಕಿ ಎ-16 ಸಾಮಾನ್ಯವಾಗಿ ಸೌಮ್ಯ. ಎಂಟೆರೊವೈರಸ್ 71 ಹಾಗಲ್ಲ. ಕೆಲವು ಎಳೆಯರಲ್ಲಿ ಅದು ಮಿದುಳನ್ನು ಹಿಡಿಯುತ್ತದೆ. 1997ರಲ್ಲಿ ಮಲೇಷ್ಯದ ಸರವಾಕ್‌ನಲ್ಲಿ ಮಕ್ಕಳು ಸತ್ತರು. 1998ರಲ್ಲಿ ತೈವಾನಿನಲ್ಲಿ 78 ಸಾವುಗಳಾದವು. ಬರಿಯ ಗುಳ್ಳೆ ನೋಡಿ ಇದು ಯಾವ ವೈರಸ್ಸೆಂದು ಹೇಳಲು ಯಾವ ವೈದ್ಯರಿಗೂ ಆಗದು.

ಹುಡುಕುವುದೆಲ್ಲಿ? ಮಲದಲ್ಲಿ ವೈರಸ್ಸು ಧಾರಾಳವಾಗಿ ಸಿಗುತ್ತದೆ. ತೊಡಕು ಇರುವುದೂ ಅಲ್ಲೇ. ಮಗುವಿನ ಕರುಳು ಒಂದು ಧರ್ಮಛತ್ರವಿದ್ದಂತೆ. ಬೇನೆ ವಾಸಿಯಾಗಿ ವಾರಗಳೇ ಕಳೆದರೂ ಹಳೆಯ ಅತಿಥಿ ಅಲ್ಲಿ ತಂಗಿರುತ್ತಾನೆ. ಪೋಲಿಯೋ ಹನಿ ಕುಡಿದ ಮಗುವಿನ ಮಲದಲ್ಲಿ ಆ ಲಸಿಕೆಯ ವೈರಸ್ಸೂ ಇರುತ್ತದೆ, ಅದೂ ಇದೇ ಕುಲದ್ದು. ಛತ್ರದಲ್ಲಿ ಸಿಕ್ಕವನೇ ಕಳ್ಳನೆಂದು ಹೇಳಬಹುದೆ?

ಗುಳ್ಳೆಯೊಳಗಿನ ನೀರು ಹಾಗಲ್ಲ. ಅಲ್ಲಿ ಹೊರಗಿನವರಿಗೆ ದಾರಿಯಿಲ್ಲ. ಸಿಕ್ಕ ವೈರಸ್ಸೇ ಅಪರಾಧಿ ಎಂದು ಬಹಳ ಮಟ್ಟಿಗೆ ನಂಬಬಹುದು. ಆದರೆ ನೀರು ಬಲು ಕಡಿಮೆ, ಎಲ್ಲ ಮಕ್ಕಳಿಗೂ ಗುಳ್ಳೆ ಏಳುವುದೂ ಇಲ್ಲ. ಗಂಟಲು ಮಾತ್ರ ಎಲ್ಲರಿಗೂ ಉಂಟು. ಸರವಾಕ್‌ನ ಮಕ್ಕಳಲ್ಲಿ ಇವೆಲ್ಲವನ್ನೂ ಹೋಲಿಸಿ ನೋಡಿದವರು 2007ರಲ್ಲಿ ತಮ್ಮ ಅಭಿಪ್ರಾಯ ಪ್ರಕಟಿಸಿದರು: ಒಂದೇ ಮಾದರಿ ಸಾಕೆಂದಾದರೆ ಗಂಟಲಿನದೇ ಹೆಚ್ಚು ಉಪಯುಕ್ತ, ಅದರೊಡನೆ ಕಡೆಯ ಪಕ್ಷ ಎರಡು ಗುಳ್ಳೆಗಳಿಂದಲೂ ಒರೆಸಿ ತೆಗೆಯಬೇಕು, ಗುಳ್ಳೆ ಇಲ್ಲದಿದ್ದರೆ ಗುದದ್ವಾರದಿಂದ. ನನಗೂ ಈ ಜೋಡಿ ಸಾಕ್ಷಿಯ ಕ್ರಮವೇ ಒಪ್ಪಿಗೆ. ಮಿದುಳಿಗೆ ಬೇನೆ ತಗುಲಿದಾಗಲೂ ಬೆನ್ನುಹುರಿಯ ನೀರಿನಲ್ಲಿ ಎಂಟೆರೊವೈರಸ್ 71 ಸಿಗುವುದು ಅಪರೂಪ. ಅಲ್ಲಿ ಕಾಣಲಿಲ್ಲವೆಂದು ನಿಶ್ಚಿಂತರಾಗಿ ಕೂರುವಂತಿಲ್ಲ.

ಆದುದರಿಂದ ಮಗುವಿನ ಗಂಟಲಿಗೆ ಹತ್ತಿಕಡ್ಡಿ ಹಾಕಲು ವೈದ್ಯರು ಬಂದರೆ, ಅದು ಅತ್ತಿತೆಂದು ತಡೆಯಬೇಡಿ. ತೊಡೆಯ ಮೇಲೆ ಕೂರಿಸಿಕೊಂಡು ತಲೆ ಹಿಡಿಯಿರಿ. ಮಗು ನಿದ್ದೆಯಲ್ಲಿ ಮತ್ತೆ ಮತ್ತೆ ಬೆಚ್ಚಿಬೀಳುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ನಡಿಗೆ ತೂರಾಡಿದರೆ, ಪರೀಕ್ಷೆಯ ಉತ್ತರಕ್ಕಾಗಿ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.