ಪಾಠ, ತ್ರಾಸು, ಪುರಸಭೆ: ಮೂರು ನಂಬಿಕೆಗಳ ವಿಚಾರ
(ಶ್ರೀಮಠದ ಮಹೋತ್ಸವದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಉತ್ಸವಕಾಲದ ಉಪನ್ಯಾಸವೆಂದರೆ ತತ್ತ್ವನಿರೂಪಣೆಯೇ ಆಗಬೇಕೆಂದು ಹಲವರು ಎಣಿಸುವುದುಂಟು. ಆದರೆ ತತ್ತ್ವವು ಅಂಗಡಿಯ ಬಾಗಿಲಲ್ಲಿಯೂ ಶಾಲೆಯ ಜಗಲಿಯಲ್ಲಿಯೂ ಊರಿನ ಸಭೆಯಲ್ಲಿಯೂ ಪರೀಕ್ಷೆಗೆ ಒಳಗಾಗುವಂಥದು. ಶ್ರೀಮಠದ ಶಿಷ್ಯರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೇಟೆಗಳಲ್ಲಿಯೂ ಗ್ರಾಮಗಳಲ್ಲಿಯೂ ಇದ್ದಾರೆ. ಇವರಲ್ಲಿ ಮಕ್ಕಳಿಗೆ ಪಾಠ ಹೇಳುವವರುಂಟು. ಚಿನ್ನಬೆಳ್ಳಿಯ ವ್ಯವಹಾರ ಮಾಡುವವರುಂಟು. ಪಂಚಾಯಿತಿ ಪುರಸಭೆಗಳಲ್ಲಿ ಕುಳಿತವರುಂಟು. ಸಣ್ಣ ಊರುಗಳಲ್ಲಿ ಈ ಮೂರೂ ಒಂದೇ ಮನೆಯಲ್ಲಿ, ಕೆಲವು ವೇಳೆ ಒಬ್ಬನೇ ಗೃಹಸ್ಥನಲ್ಲಿ, ಕೂಡುವುದು ಸಹಜ. ಹೀಗೆ ಕೂಡುವುದು ಸಲ್ಲುವುದೇ? ಸಲ್ಲುವುದಾದರೆ ಯಾವ ನಿಯಮದಿಂದ? ಇಷ್ಟೇ ಈ ದಿನದ ವಿಚಾರ.

ಮೊದಲು, ಇದರಲ್ಲಿ ಸ್ವಭಾವತಃ ದೋಷವಿಲ್ಲವೆಂಬುದನ್ನು ಹೇಳಬೇಕು. ನಮ್ಮ ಪರಂಪರೆಯಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಪರರ ಹಣದ ಲೆಕ್ಕವನ್ನು ಹಿಡಿಯುವುದು ಅವರಿಗೆ ಭಕ್ತಿಗೆ ಹೊರತಾದ ಕೆಲಸವಾಗಿರಲಿಲ್ಲ. ಕಿನ್ನರಿ ಬೊಮ್ಮಯ್ಯನವರು ಮೊದಲು ಅಕ್ಕಸಾಲೆಯ ವೃತ್ತಿಯಲ್ಲಿದ್ದು ಅನಂತರ ಕಿನ್ನರಿ ನುಡಿಸುವ ಕಾಯಕವನ್ನು ಹಿಡಿದರೆಂದು ಪರಂಪರೆಯು ಹೇಳುತ್ತದೆ. ನಮ್ಮ ಜಿಲ್ಲೆಯ ಸಾಕ್ಷಿಯೇ ಬೇಕೆಂದರೆ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿ, ಸೇನಾನಿ, ಅವನೇ ಕ್ರಿ.ಶ. 978ರಲ್ಲಿ ಕನ್ನಡದಲ್ಲಿ ಪುರಾಣಗ್ರಂಥವನ್ನೂ ರಚಿಸಿದನು. ರಾಜ್ಯದ ಹೊರೆಯೂ ವಿದ್ಯೆಯೂ ಒಬ್ಬನಲ್ಲಿ ನಿಲ್ಲಬಲ್ಲವೆಂಬುದಕ್ಕೆ ಇದಕ್ಕಿಂತ ಎತ್ತರವಾದ ನಿದರ್ಶನವು ನಮ್ಮ ಸೀಮೆಯಲ್ಲಿಲ್ಲ.

ಇನ್ನು ಚಿನ್ನದ ಕೆಲಸದ ಸ್ವರೂಪವನ್ನು ನೋಡೋಣ. ಅಕ್ಕಸಾಲಿಗನು ಮೂಸೆಯಲ್ಲಿ ಚಿನ್ನವನ್ನು ಕರಗಿಸಿ, ಊದುಕೊಳವೆಯಿಂದ ಬೆಸುಗೆ ಹಾಕಿ, ಒರೆಗಲ್ಲಿನ ಮೇಲೆ ಗೆರೆ ಎಳೆದು ಬಣ್ಣ ನೋಡುತ್ತಾನೆ. ಹಿಂದೆ ಗುಲಗಂಜಿಯಿಂದಲೂ ತೊಲದಿಂದಲೂ ತೂಗುತ್ತಿದ್ದರು. 1956ರ ತೂಕ ಅಳತೆಗಳ ಶಾಸನದ ತರುವಾಯ ಗ್ರಾಮಿನ ಲೆಕ್ಕ ಬಂದಿತು. ಒಂದು ತೊಲವು ಸುಮಾರು 11.66 ಗ್ರಾಂ. ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವುಂಟು. ಅಪರಂಜಿಯು ಬಹು ಮೃದು. ಅದರಿಂದ ಮಾಡಿದ ಒಡವೆಯು ಬಳಕೆಗೆ ತಡೆಯದು. ಆದುದರಿಂದ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸಲೇಬೇಕು. 24 ಪಾಲಿನಲ್ಲಿ 22 ಪಾಲು ಚಿನ್ನವಿದ್ದರೆ ಸಾವಿರಕ್ಕೆ 916 ಭಾಗವಾಯಿತು. ಜನರು ಈಗ ಅಂಗಡಿಯಲ್ಲಿ ಕೇಳುವ ‘916’ ಎಂಬುದು ಇದೇ. ಹಾಗಾದರೆ ಅಕ್ಕಸಾಲಿಗನ ಪಾಪವು ತಾಮ್ರ ಬೆರೆಸುವುದರಲ್ಲಿಲ್ಲ. ಎಷ್ಟು ಬೆರೆಸಿದೆನೆಂಬುದನ್ನು ಮರೆಮಾಚುವುದರಲ್ಲಿದೆ.

ಈ ಸೂಕ್ಷ್ಮವು ಊರಿನ ಆಳಿಕೆಗೂ ಹೊಂದುತ್ತದೆ. ಸಭೆಯಲ್ಲಿ ಹತ್ತು ಮಂದಿಯೊಡನೆ ಕುಳಿತು ಕೆಲಸ ಸಾಧಿಸುವವನು ತನ್ನ ಅಭಿಪ್ರಾಯದಲ್ಲಿ ಸ್ವಲ್ಪ ಬಿಟ್ಟುಕೊಡಲೇಬೇಕಾಗುತ್ತದೆ. ಒಂದು ಬೀದಿಗೆ ನಲ್ಲಿ ಬರಬೇಕಾದರೆ ಇನ್ನೊಂದು ಬೀದಿಯ ಚರಂಡಿಯು ಒಂದು ವರ್ಷ ಕಾಯಬೇಕಾದೀತು. ಇದು ಬೆರಕೆಯೇ ಹೊರತು ಮೋಸವಲ್ಲ. ಆದರೆ ಏನನ್ನು ಬಿಟ್ಟುಕೊಟ್ಟೆನು, ಯಾರಿಗಾಗಿ ಬಿಟ್ಟುಕೊಟ್ಟೆನು ಎಂಬುದನ್ನು ಜನರಿಗೆ ಹೇಳದೆ ಮುಚ್ಚಿದರೆ ಆಗ ಅದು ಕಳ್ಳಬೆರಕೆಯಾಗುವುದು.

ಚಿನ್ನದ ಕಸಬಿನವನಿಗೆ ರಾಜಕೀಯದ ಗೊಡವೆ ಏಕೆ, ತನ್ನ ಅಗ್ಗಿಷ್ಟಿಕೆಯ ಮುಂದೆ ಕುಳಿತಿರಬಾರದೇ ಎಂದು ಕೇಳುವವರಿದ್ದಾರೆ. ಅವರಿಗೆ 1963ನೆಯ ಇಸವಿಯನ್ನು ನೆನಪು ಮಾಡಿಕೊಡಬೇಕು. ಚೀನಾ ಯುದ್ಧವು ನಡೆದ ಮರು ವರ್ಷದ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಕೇಂದ್ರದ ಅರ್ಥಮಂತ್ರಿಗಳಾಗಿದ್ದಾಗ, ಚಿನ್ನದ ನಿಯಂತ್ರಣದ ನಿಯಮಗಳು ಹೊರಟವು. 14 ಕ್ಯಾರೆಟ್ಟಿಗೆ ಮೇಲ್ಪಟ್ಟ ಹೊಸ ಒಡವೆಯನ್ನು ಮಾಡಕೂಡದೆಂದು ವಿಧಿಯಾಯಿತು. ಕಳ್ಳಸಾಗಣೆಯನ್ನು ತಡೆಯುವುದು, ಚಿನ್ನದ ಮೇಲಣ ಜನರ ಮೋಹವನ್ನು ತಗ್ಗಿಸುವುದು, ವಿದೇಶೀ ವಿನಿಮಯದ ಹಣವನ್ನು ಉಳಿಸುವುದು ಇದರ ಉದ್ದೇಶವಾಗಿದ್ದಿತು. ಆದರೆ 14 ಕ್ಯಾರೆಟ್ಟಿನ ತಾಳಿಯನ್ನು ನಮ್ಮ ಹೆಣ್ಣುಮಕ್ಕಳು ಒಪ್ಪಲಿಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲೆಯವರ ಕೈ ಬರಿದಾಯಿತು. ಹಸಿವಿನಿಂದಲೂ ನಿರಾಶೆಯಿಂದಲೂ ಪ್ರಾಣ ಕಳೆದುಕೊಂಡವರ ವಾರ್ತೆಗಳು ಬಂದವು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲವಾಯಿತು. 1968ರಲ್ಲಿ ನಿಯಂತ್ರಣವೇ ಶಾಸನರೂಪವನ್ನು ತಾಳಿ, ಅಕ್ಕಸಾಲಿಗನಿಗೆ ಪ್ರಮಾಣಪತ್ರವೂ ವರ್ತಕನಿಗೆ ಲೈಸೆನ್ಸೂ ಲೆಕ್ಕದ ಪುಸ್ತಕವೂ ಕಡ್ಡಾಯವಾದವು. ಆ ಶಾಸನವು 1990ರಲ್ಲಿ ರದ್ದಾಯಿತು. ದೆಹಲಿಯಲ್ಲಿ ಬರೆದ ಒಂದು ಪುಟವು ಕುಗ್ರಾಮದ ಮೂಸೆಯನ್ನು ಆರಿಸಿತು. ರಾಜಕೀಯವನ್ನು ನಾವು ಮನೆಗೆ ಕರೆಯದಿದ್ದರೂ ಅದು ತಾನೇ ಬರುತ್ತದೆ. ಆದುದರಿಂದ ಕಸಬನ್ನು ಬಲ್ಲವನ ಧ್ವನಿಯು ಸಭೆಯಲ್ಲಿರುವುದು ಅವಶ್ಯಕವು.

ಇಂಥ ಧ್ವನಿಗೆ ಮೈಸೂರು ಸೀಮೆಯಲ್ಲಿ ಹಳೆಯ ಹಾದಿಯುಂಟು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿತು. ಆಗ ಬಂದ 144 ಮಂದಿಯು ಮುಖ್ಯವಾಗಿ ಭೂಹಿಡುವಳಿದಾರರೂ ವರ್ತಕರೂ ಆಗಿದ್ದರು. ತಮ್ಮ ತಾಲ್ಲೂಕಿನ ಕಷ್ಟವನ್ನು ದಿವಾನರ ಎದುರಿಗೆ ಅರಿಕೆ ಮಾಡಿಕೊಂಡು ಊರಿಗೆ ಮರಳಿ ತಮ್ಮ ಉದ್ಯೋಗವನ್ನು ನೋಡಿಕೊಳ್ಳುವುದು ಅವರ ಪದ್ಧತಿ. ಸ್ವಾತಂತ್ರ್ಯಾನಂತರ 1959ರ ಪಂಚಾಯಿತಿ ಶಾಸನದಿಂದ ತಾಲ್ಲೂಕು ಬೋರ್ಡುಗಳೂ, 1983ರ ಶಾಸನದಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ, 1993ರ ಶಾಸನದಿಂದ ಇಂದಿನ ಮೂರಂತಸ್ತಿನ ಪಂಚಾಯಿತಿಗಳೂ ಬಂದವು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್. ಡಿ. ದೇವೇಗೌಡರು ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಓದಿ, ಕಂಟ್ರಾಕ್ಟು ಕೆಲಸ ಮಾಡಿಕೊಂಡಿದ್ದು, ಸಹಕಾರ ಸಂಘ ಮತ್ತು ತಾಲ್ಲೂಕು ಬೋರ್ಡಿನ ಮೆಟ್ಟಿಲನ್ನೇರಿ, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಆಯ್ಕೆಯಾದರು. 1996ರ ಜೂನ್ 1ರಂದು ದೇಶದ ಪ್ರಧಾನಮಂತ್ರಿಗಳಾದರು. ಪಕ್ಷದ ಮಾತು ಇಲ್ಲಿ ಬೇಡ. ಊರಿನ ಸಣ್ಣ ಸಂಸ್ಥೆಯು ಎಷ್ಟು ದೊಡ್ಡ ಬಾಗಿಲಿಗೆ ಮೊದಲ ಮೆಟ್ಟಿಲಾಗಬಲ್ಲದೆಂಬುದನ್ನು ತೋರಿಸಲು ಇದನ್ನು ಹೇಳಿದೆನು.

ಉಪಾಧ್ಯಾಯರ ವಿಷಯವು ಬೇರೆ. ಸರ್ಕಾರಿ ಶಾಲೆಯ ಉಪಾಧ್ಯಾಯರಿಗೆ ಸೇವಾನಿಯಮಗಳು ಚುನಾವಣೆಗೆ ನಿಲ್ಲಲೂ ಪ್ರಚಾರ ಮಾಡಲೂ ಅವಕಾಶ ಕೊಡುವುದಿಲ್ಲ. ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ: ಮತಗಟ್ಟೆಯಲ್ಲಿ ಕುಳಿತು ಬೆರಳಿಗೆ ಶಾಯಿ ಹಚ್ಚುವವರೂ, ಲೆಕ್ಕದ ಹಾಳೆಗೆ ಸಹಿ ಹಾಕುವವರೂ ಬಹುಮಟ್ಟಿಗೆ ಅವರೇ. ತ್ರಾಸು ಹಿಡಿದವನೇ ತಟ್ಟೆಯಲ್ಲಿ ಕುಳಿತರೆ ತೂಕವೆಲ್ಲಿ? ಆದರೂ ಸಂವಿಧಾನವು ವಿದ್ಯೆಯ ಧ್ವನಿಯನ್ನು ಹೊರಗಿಡಲಿಲ್ಲ. ನಮ್ಮ ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 7 ಸ್ಥಾನಗಳನ್ನು ಉಪಾಧ್ಯಾಯರೇ ಆರಿಸುತ್ತಾರೆ. 7ನ್ನು ಪದವೀಧರರು, 25ನ್ನು ಪಂಚಾಯಿತಿ ಪುರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಹಾಸನ ಜಿಲ್ಲೆಯು ಮೈಸೂರು, ಮಂಡ್ಯ, ಚಾಮರಾಜನಗರಗಳೊಡನೆ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ನಿವೃತ್ತರಾದ ಮೇಲೆ, ಅಥವಾ ಉದ್ಯೋಗವನ್ನು ಬಿಟ್ಟ ಮೇಲೆ, ಊರಿನ ಸೇವೆಗೆ ಇಳಿಯುವ ಉಪಾಧ್ಯಾಯನಿಗೆ ಅಡ್ಡಿಯಿಲ್ಲ. ಅವನು ತರುವ ಮೂಲಧನವು ಮೂವತ್ತು ವರ್ಷಗಳ ಶಿಷ್ಯರ ಗೌರವ. ಆ ಗೌರವವನ್ನು ಓಟಿಗೆ ಮಾರಕೂಡದು.

ಈಗ ಎಲ್ಲಕ್ಕಿಂತ ಕಠಿನವಾದ ಸ್ಥಳಕ್ಕೆ ಬರುತ್ತೇನೆ. ಹಾಸನದ ಸುತ್ತಿನ ಆಲೂಗೆಡ್ಡೆಯ ರೈತನು ಬಿತ್ತನೆಗೆ, ರಾಮನಾಥಪುರ ಕೊಣನೂರುಗಳ ಕಡೆಯ ಹೊಗೆಸೊಪ್ಪಿನ ರೈತನು ಗೊಬ್ಬರಕ್ಕೂ ಸೌದೆಗೂ, ಚನ್ನರಾಯಪಟ್ಟಣದ ತೆಂಗಿನ ತೋಟದವನು ಬೋರ್‌ವೆಲ್ಲಿಗೆ ಹಣ ಬೇಕಾದಾಗ ಎಲ್ಲಿಗೆ ಹೋಗುತ್ತಾನೆ? ಬ್ಯಾಂಕಿಗೂ ಸೊಸೈಟಿಗೂ ಹೋಗುತ್ತಾನೆ. ಅಲ್ಲಿ ತಡವಾದರೆ ಹೆಂಡತಿಯ ಓಲೆ ಸರಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಗಿರವಿ ಅಂಗಡಿಗೆ ಹೋಗುತ್ತಾನೆ. ಆ ಅಂಗಡಿಯವನೇ ಊರಿನ ಚುನಾವಣೆಗೆ ಅಭ್ಯರ್ಥಿಯಾಗಿ ನಿಂತನೆಂದು ಭಾವಿಸಿರಿ. ಅವನು ಬಾಯಿಬಿಟ್ಟು ಏನನ್ನೂ ಕೇಳಬೇಕಾಗಿಲ್ಲ. ಮನೆಬಾಗಿಲಿಗೆ ಬಂದು ಕೈಮುಗಿದು ನಿಂತರೆ ಸಾಕು. ಒಳಗಿರುವ ತಾಯಿಗೆ ತನ್ನ ತಾಳಿಯು ಯಾರ ಪೆಟ್ಟಿಗೆಯಲ್ಲಿದೆಯೆಂಬುದು ನೆನಪಾಗುತ್ತದೆ. ಆಕೆಯ ಮತವು ಆಗ ಪೂರ್ಣ ಸ್ವತಂತ್ರವಾಗಿರುವುದೇ? ಮಹಾಶಯರೇ, ಸೋಲುಗೆಲವುಗಳಿಗಿಂತ ಮುಖ್ಯವಾದ ಪ್ರಶ್ನೆಯು ಇದೇ.

ಶಾಸನಗಳು ಇಲ್ಲಿ ಕೆಲವು ಬೇಲಿಗಳನ್ನು ಹಾಕಿವೆ. 1961ರ ಗಿರವಿದಾರರ ಅಧಿನಿಯಮವು ಲೈಸೆನ್ಸನ್ನೂ ಗಿರವಿ ಚೀಟಿಯನ್ನೂ ಕಡ್ಡಾಯ ಮಾಡಿತು. 1951ರ ಪ್ರಜಾಪ್ರತಿನಿಧ್ಯ ಕಾಯಿದೆಯು ಲಂಚವನ್ನೂ ಅನುಚಿತ ಪ್ರಭಾವವನ್ನೂ ಭ್ರಷ್ಟಾಚರಣೆಗಳೆಂದು ಎಣಿಸಿತು. 1964ರ ಪೌರಸಭೆಗಳ ಅಧಿನಿಯಮವು ಪುರಸಭೆಯ ಕೆಲಸದ ಗುತ್ತಿಗೆಯಲ್ಲಿ ಪಾಲುಳ್ಳವನನ್ನು ಸದಸ್ಯತ್ವಕ್ಕೆ ಅನರ್ಹನೆಂದಿತು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ವಿಧಾನಸಭೆಗೂ ಲೋಕಸಭೆಗೂ ನಿಲ್ಲುವ ಅಭ್ಯರ್ಥಿಯು ತನ್ನ ಆಸ್ತಿಯನ್ನು, ಒಡವೆಗಳ ತೂಕ ಬೆಲೆಗಳ ಸಹಿತ, ಪ್ರಮಾಣಪತ್ರದಲ್ಲಿ ತೋರಿಸಬೇಕಾಯಿತು. ಮತವು ಗುಟ್ಟಾಗಿರುವುದೇ ಸಾಲಗಾರನ ದೊಡ್ಡ ರಕ್ಷೆ. ಆದರೂ ಗಿರವಿಯಿಟ್ಟವಳ ಅಳುಕನ್ನು ಯಾವ ಶಾಸನವೂ ಪೂರ್ತಿಯಾಗಿ ಕಳೆಯಲಾರದು. ಅದನ್ನು ಕಳೆಯಬೇಕಾದವನು ಅಂಗಡಿಯ ಯಜಮಾನನೇ.

ಆದುದರಿಂದ ವ್ಯವಹಾರಸ್ಥರಾದ ಶಿಷ್ಯರಲ್ಲಿ ನಾಲ್ಕು ನಿಯಮಗಳನ್ನು ಅರಿಕೆ ಮಾಡುತ್ತೇನೆ. ಒಂದನೆಯದು, ಚುನಾವಣೆಗೆ ನಿಲ್ಲುವವನು ಗಿರವಿಯ ವ್ಯವಹಾರವನ್ನು ಮೊದಲೇ ಮುಗಿಸಬೇಕು, ಇಲ್ಲವೇ ನಿಲ್ಲಬಾರದು. ಒಡವೆ ಮಾಡಿ ಮಾರುವುದಕ್ಕೆ ಅಡ್ಡಿಯಿಲ್ಲ, ಒತ್ತೆಯಿಟ್ಟುಕೊಳ್ಳುವುದಕ್ಕೆ ಅಡ್ಡಿಯುಂಟು. ಎರಡನೆಯದು, ಚುನಾವಣೆಯ ಕಾಲದಲ್ಲಿ ಬಾಕಿಯನ್ನು ಬಿಗಿಯಾಗಿ ಕೇಳಲೂಬಾರದು, ಬಡ್ಡಿಯನ್ನು ಬಿಟ್ಟುಕೊಡಲೂಬಾರದು. ಮೊದಲನೆಯದು ಬೆದರಿಕೆ, ಎರಡನೆಯದು ಲಂಚ. ಮೂರನೆಯದು, ತನ್ನ ಬೀದಿಯ, ತನ್ನ ಅಂಗಡಿಯ ಲಾಭದ ಪ್ರಶ್ನೆ ಸಭೆಗೆ ಬಂದಾಗ ಅದನ್ನು ಬಾಯಿಬಿಟ್ಟು ಹೇಳಿ ಎದ್ದು ಹೊರಗೆ ಬರಬೇಕು. ನಾಲ್ಕನೆಯದು, ಮಠದ ಹೆಸರನ್ನೂ ಗುರುಗಳ ಭಾವಚಿತ್ರವನ್ನೂ ಮತ ಕೇಳುವ ಕಾಗದದಲ್ಲಿ ಅಚ್ಚು ಹಾಕಿಸಬಾರದು. ಶ್ರೀಮಠವು ಸೋತವನಿಗೂ ಗೆದ್ದವನಿಗೂ ಒಂದೇ.

ಇವು ಬಹು ಕಠಿನ, ಹೀಗಾದರೆ ಅನುಕೂಲಸ್ಥರಾದ ಸಜ್ಜನರು ಸಾರ್ವಜನಿಕ ಕಾರ್ಯಕ್ಕೆ ಬರುವುದಿಲ್ಲ ಎಂಬ ಆಕ್ಷೇಪವನ್ನು ನಾನು ಬಲ್ಲೆನು. ಇದರಲ್ಲಿ ಸ್ವಲ್ಪ ಸತ್ಯವಿದೆ. ಸಜ್ಜನರು ಹಿಂದೆ ಸರಿದ ಸ್ಥಳವು ಬರಿದಾಗಿ ಉಳಿಯುವುದಿಲ್ಲ. ನಿಯಮವನ್ನು ಲೆಕ್ಕಿಸದವನು ಅಲ್ಲಿ ಕೂಡುತ್ತಾನೆ. ಆದರೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ನಾವೆಲ್ಲರೂ ಕೇಳಿ ಬೆಳೆದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಒಪ್ಪಿಸಿ ಬರುವಂತೆ ಹೇಳಿದರು. ಅಕ್ಕಿಯು ಕದ್ದದ್ದಲ್ಲ, ಯಾರೂ ದೂರಿರಲಿಲ್ಲ, ಮನೆಯಲ್ಲಿ ಸಂಪತ್ತೂ ಇರಲಿಲ್ಲ. ಆದರೂ ಕಾಯಕಕ್ಕೆ ಸಲ್ಲುವುದಕ್ಕಿಂತ ಮೇಲಾದುದು ತಮ್ಮದಲ್ಲವೆಂದು ಆ ತಾಯಿ ತಿಳಿದರು. ಬಡವರಾದ ಅವರಿಂದ ಸಾಧ್ಯವಾದದ್ದು ಅನುಕೂಲಸ್ಥರಾದ ನಮಗೆ ಕಠಿನವೆಂದು ಹೇಳಲು ನಾಲಗೆ ಏಳುವುದೇ?

ಸ್ಮೃತಿಗಳಲ್ಲಿ ಅರ್ಥಶುಚಿ ಎಂಬ ಮಾತುಂಟು. ಸ್ನಾನದ ಶುಚಿಯು ಒಂದು ಬಗೆ, ಹಣದ ವ್ಯವಹಾರದ ಶುಚಿಯು ಇನ್ನೊಂದು ಬಗೆ. ಚಿನ್ನದ ಶುದ್ಧಿಗೆ ಈಗ ಸರ್ಕಾರದ ಗುರುತು ಬಂದಿದೆ. 2000ದಲ್ಲಿ ಇಚ್ಛೆಯ ಮೇಲೆ ಆರಂಭವಾದ ಹಾಲ್‌ಮಾರ್ಕು 2021ರ ಜೂನಿನಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗುತ್ತ ಬಂದಿತು. ಒಡವೆಗೊಂದು ಆರಕ್ಷರದ ಸಂಖ್ಯೆಯೂ ಇದೆ. ಕೊಳ್ಳುವವನು ಅಂಗಡಿಯವನ ಮುಖವನ್ನೇ ನಂಬಬೇಕಾದ ಕಾಲವು ಹೋಯಿತು. ಪಾಠ ಹೇಳಿದವನನ್ನು, ಒತ್ತೆ ಬಿಡಿಸಿಕೊಟ್ಟವನನ್ನು, ಸಭೆಗೆ ಆರಿಸಿ ಕಳುಹಿಸಿದವನನ್ನು ಮಾತ್ರ ಈಗಲೂ ಮುಖ ನೋಡಿಯೇ ನಂಬಬೇಕಾಗಿದೆ. ಆ ನಂಬಿಕೆಗೆ ಅಚ್ಚು ಒತ್ತುವ ಕಚೇರಿಯಿಲ್ಲ. ಊರಿನವರ ನೆನಪೊಂದೇ ಅದಕ್ಕೆ ಒರೆಗಲ್ಲು.

ಇಲ್ಲಿ ಕುಳಿತಿರುವ ತರುಣರಲ್ಲಿ ಕೆಲವರು ಮುಂದೆ ಉಪಾಧ್ಯಾಯರಾಗುವಿರಿ, ಕೆಲವರು ಅಂಗಡಿ ತೆರೆಯುವಿರಿ, ಕೆಲವರು ಪಂಚಾಯಿತಿಗೆ ನಿಲ್ಲುವಿರಿ. ನಿಲ್ಲಿರಿ, ಹಿಂಜರಿಯಬೇಡಿರಿ. ನಾಮಪತ್ರಕ್ಕೆ ಸಹಿ ಹಾಕುವ ಹಿಂದಿನ ದಿನ ನಿಮ್ಮ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿರಿ. ಅದರಲ್ಲಿ ಇತರರ ತಾಳಿಯೇನಾದರೂ ಇದ್ದರೆ, ಮೊದಲು ಅದರ ಲೆಕ್ಕವನ್ನು ನ್ಯಾಯವಾಗಿ ತೀರಿಸಿ ಅವರಿಗೆ ಮುಟ್ಟಿಸಿ ಬನ್ನಿರಿ.